ತೋಡಿನ ಬದಿಯ ಹಳೆಮನೆಯೋ, ಬೇಕಲದ ರೂಮೋ? ಬೇಸಗೆ ರಜೆಗೆ ಮುಂಚಿನ ಲೆಕ್ಕಾಚಾರ

ಮಾರ್ಚ್ ಬಂತೆಂದರೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಚರ್ಚೆ. ಈ ಸಲ ರಜೆಗೆ ಎಲ್ಲಿಗೆ? ಬೆಂಗಳೂರಿನ ತಮ್ಮ ಬೇಕಲದ ರೆಸಾರ್ಟಿನ ಫೋಟೋ ಹಾಕುತ್ತಾನೆ. ದುಬೈಯಲ್ಲಿರುವ ಭಾವ ನೀಲೇಶ್ವರದ ಹೌಸ್‌ಬೋಟಿನ ವಿಡಿಯೋ ಕಳಿಸುತ್ತಾರೆ. ಎರಡು ದಿನ ಸುಮ್ನೆ ಇದ್ದು ದೊಡ್ಡಮ್ಮ ಒಂದು ವಾಯ್ಸ್ ಮೆಸೇಜ್ ಬಿಡುತ್ತಾರೆ: "ಅಜ್ಜನ ಮನೆಗೆ ಬೀಗ ಹಾಕಿ ಒರಲೆ ಸಾಕ್ತಾ ಇದ್ದೇವೆ. ನಿಮಗೆ ನೀರು ನೋಡ್ಲಿಕ್ಕೆ ದುಡ್ಡು ಕೊಡ್ಬೇಕಾ ಮಕ್ಕಳೇ?"

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯವರಿಗೆ ಇದು ಹೊಸ ಕಥೆಯಲ್ಲ. ಮೇಲೆ ಗುಡ್ಡೆ, ಅದರ ಬುಡಕ್ಕೆ ಹಂಚಿನ ಮನೆ, ಮನೆಯ ಎದುರು ಅಡಿಕೆ ತೋಟ, ತೋಟದ ಆಚೆ ತೋಡು ಎನ್ನುವ ಸಣ್ಣ ಹಳ್ಳ. ಮನೆಯಲ್ಲಿ ಈಗ ಯಾರೂ ಇಲ್ಲ. ಇದ್ದರೂ ವಯಸ್ಸಾದ ಇಬ್ಬರು. ಮಕ್ಕಳು ಮೊಮ್ಮಕ್ಕಳೆಲ್ಲ ಮಂಗಳೂರು, ಬೆಂಗಳೂರು, ಗಲ್ಫ್.

ಕಳೆದ ಕೆಲವು ವರ್ಷಗಳಲ್ಲಿ ನಾವು ಮೂರನ್ನೂ ಮಾಡಿ ನೋಡಿದ್ದೇವೆ. ನನ್ನ ಓಟು ಹಳೆಮನೆಗೇ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಅವು ನಿಮ್ಮಿಂದ ಆಗದು ಅನ್ನಿಸಿದರೆ ಬೇಜಾರು ಮಾಡಿಕೊಳ್ಳದೆ ಬೇಕಲದಲ್ಲಿ ರೂಮು ಮಾಡಿ.

ಮೊದಲು ದಿನ ಎಣಿಸಿ

ರಜೆ ಎರಡು ತಿಂಗಳು ಅನ್ನುವುದು ಬಾಯಿಮಾತು. ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ಪೂರ್ತಿ ರಜೆ. ಕರ್ನಾಟಕದಲ್ಲಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರು. ಸಿಬಿಎಸ್‌ಇ ಮಕ್ಕಳದ್ದು ಬೇರೆಯೇ ಲೆಕ್ಕ. ಇದರ ಮೇಲೆ ದೊಡ್ಡವರ ಆಫೀಸು ರಜೆ ಇಟ್ಟು ನೋಡಿದರೆ ಎಲ್ಲರಿಗೂ ಹೊಂದುವುದು ಒಂದು ವಾರ. ಜಾಸ್ತಿಯೆಂದರೆ ಹತ್ತು ದಿನ.

ಒಂದೇ ರಾತ್ರಿ ಸಿಗುವುದಾದರೆ ಹೌಸ್‌ಬೋಟು ಸರಿ. ಎರಡು ರಾತ್ರಿಯಾದರೆ ಬೇಕಲ. ಹಳೆಮನೆಗೆ ಮಾತ್ರ ಎರಡು ರಾತ್ರಿಗೆಂದು ಹೋಗಬೇಡಿ. ಮೊದಲ ದಿನ ಗುಡಿಸಿ ಒರೆಸುವುದರಲ್ಲಿ ಮುಗಿಯುತ್ತದೆ, ಎರಡನೆಯದು ಗಂಟು ಕಟ್ಟಿ ಬೀಗ ಹಾಕುವುದರಲ್ಲಿ. ಐದು ದಿನವಾದರೂ ಇಲ್ಲದಿದ್ದರೆ ಆ ಮನೆ ನಿಮಗೆ ಒಗ್ಗುವುದಿಲ್ಲ.

ಬೇಕಲ: ಯಾರೂ ಟೀ ಮಾಡಬೇಕಾಗಿಲ್ಲ

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಲೇನ್ ಆದ ಮೇಲೆ ಮಂಗಳೂರಿನ ಕಡೆಯಿಂದ ಬರುವವರಿಗೆ ದಾರಿ ಹಗುರಾಗಿದೆ. ಅಜ್ಜಿಗೆ ಕಮೋಡ್ ಬೇಕು, ಕೈಗೂಸಿಗೆ ಏಸಿ ಇಲ್ಲದೆ ನಿದ್ದೆ ಬರುವುದಿಲ್ಲ, ಅತ್ತಿಗೆಗೆ ನಾಲ್ಕು ದಿನವಾದರೂ ಒಲೆ ಮುಂದೆ ನಿಲ್ಲಲು ಮನಸ್ಸಿಲ್ಲ ಎಂದಾದರೆ ಇನ್ನೇನೂ ಯೋಚಿಸಬೇಡಿ. ಕೊನೆಯದ್ದು ಸಣ್ಣ ಕಾರಣ ಅಲ್ಲ. ಆಮೇಲೆ ಹೇಳುತ್ತೇನೆ.

ಕೋಟೆಯನ್ನು ಒಂದು ಸಂಜೆ ನೋಡಲೇಬೇಕು. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಸುಮಾರು 40 ಎಕರೆ, ಕೇರಳದಲ್ಲೇ ಅತಿ ದೊಡ್ಡ ಕೋಟೆ. ಆದರೆ ಪೂರ್ತಿ ಕೆಂಪುಕಲ್ಲು, ನೆರಳು ಕಡಿಮೆ. ಒಮ್ಮೆ ನಾವು ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋಗಿ, ಮಕ್ಕಳ ಮುಖ ಕೆಂಪಾಗಿ, ಬುರುಜು ಹತ್ತದೆ ವಾಪಸ್ ಬಂದೆವು. ನಾಲ್ಕು ಗಂಟೆ ಕಳೆದ ಮೇಲೆ ಹೋಗಿ.

ಸಮುದ್ರದ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲ. ಕಾಲು ನೆನೆಸಲು, ಮರಳಲ್ಲಿ ಮನೆ ಕಟ್ಟಲು ಚೆಂದ. ಈಜು ಕಲಿಸುವ ಜಾಗ ಅದಲ್ಲ. ಮೇ ಕೊನೆ ಹತ್ತಿರವಾದಂತೆ ತೆರೆ ದೊಡ್ಡದಾಗುತ್ತದೆ, ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಈಜಬೇಕೆಂದರೆ ರೆಸಾರ್ಟಿನ ಪೂಲಿನಲ್ಲಿ ಈಜಿ. ಕ್ಲೋರಿನ್ ವಾಸನೆ ಬರುತ್ತದೆ, ಬರಲಿ.

ಬೇಕಲದ ಕೊರತೆ ಒಂದೇ. ನಾಲ್ಕು ಮನೆಯವರು ನಾಲ್ಕು ರೂಮಿಗೆ ಹಂಚಿ ಹೋಗುತ್ತಾರೆ. ಊಟಕ್ಕೆ ಸೇರುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಮಕ್ಕಳ ಕೈಗೆ ಮತ್ತೆ ಮೊಬೈಲು.

ಹೌಸ್‌ಬೋಟು: ಅಜ್ಜನಿಗೆ ಚೆಂದ, ಮೊಮ್ಮಗನಿಗೆ ಮೂರು ಗಂಟೆವರೆಗೆ

ನೀಲೇಶ್ವರದ ಹತ್ತಿರದ ಕೋಟ್ಟಪ್ಪುರಂನಿಂದ ವಲಿಯಪರಂಬದ ಹಿನ್ನೀರಿಗೆ ದೋಣಿ ಹೊರಡುತ್ತದೆ. ವಲಿಯಪರಂಬ ಅಂದರೆ ಉದ್ದಕ್ಕೆ ನೂಲಿನ ಹಾಗೆ ಮಲಗಿರುವ ದ್ವೀಪ. ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಕವ್ವಾಯಿ ಹಿನ್ನೀರು. ಆಲಪ್ಪುಳದ ಹಾಗೆ ದೋಣಿಗೆ ದೋಣಿ ತಾಗುವ ಗಲಾಟೆ ಇಲ್ಲಿಲ್ಲ. ಪಡನ್ನದ ಕಡೆ ಕಲ್ಲುಮ್ಮಕ್ಕಾಯಿ ಎನ್ನುವ ಚಿಪ್ಪುಜೀವಿಯನ್ನು ಸಾಕುವುದನ್ನು ದೋಣಿಯಿಂದಲೇ ತೋರಿಸುತ್ತಾರೆ. ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರ ಬೇಕಿದ್ದವರು ಬುಕ್ ಮಾಡುವಾಗಲೇ ಹೇಳಿ, ಹತ್ತಿದ ಮೇಲೆ ಹೇಳಿದರೆ ಸಾರು ಅನ್ನವೇ ಗತಿ.

ಆದರೆ ಅದು ನೋಡುವ ನೀರು. ಇಳಿಯುವ ನೀರಲ್ಲ. ಮಕ್ಕಳು ಮಧ್ಯಾಹ್ನದವರೆಗೆ ಮುಂದಿನ ಕುರ್ಚಿಗೆ ಜಗಳವಾಡುತ್ತಾರೆ, ಮೂರು ಗಂಟೆಗೆ "ಇನ್ನೆಷ್ಟು ದೂರ" ಎಂದು ಕೇಳುತ್ತಾರೆ. ಸಂಜೆಯಾದರೆ ದೋಣಿ ಕಟ್ಟಿಹಾಕುತ್ತಾರೆ. ಅಜ್ಜ ಅಜ್ಜಿಯ ಐವತ್ತನೇ ಮದುವೆ ದಿನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಹತ್ತು ವರ್ಷದ ಇಬ್ಬರು ಹುಡುಗರಿಗೆ, ಬೇಡ.

ರಾಣಿಪುರಂ ಗುಡ್ಡೆಯನ್ನೂ ಕೆಲವರು ಹೇಳುತ್ತಾರೆ. ಬೇಸಗೆಯಲ್ಲಿ ಹುಲ್ಲೆಲ್ಲ ಒಣಗಿರುತ್ತದೆ. ಅದನ್ನು ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ.

ಹಳೆಮನೆ: ಯಾವ ನೀರಿಗೆ ಇಳಿಯುವುದು?

ನಮ್ಮ ಕಡೆ ಒಂದು ಮನೆಗೆ ಮೂರು ನೀರು. ಕೆರೆ, ತೋಡಿನ ಕಟ್ಟ, ದೊಡ್ಡ ಹೊಳೆ. ಮೂರನ್ನೂ ಒಂದೇ ಎಂದು ತಿಳಿಯುವುದು ಪೇಟೆಯಲ್ಲಿ ಬೆಳೆದ ಮಕ್ಕಳ ಮತ್ತು ಅವರ ಅಪ್ಪಂದಿರ ತಪ್ಪು.

ಕೆರೆ ಕೆಂಪುಕಲ್ಲು ಕಡಿದು ಮಾಡಿದ್ದು. ಸುರಂಗದ ನೀರು ಬಂದು ಬೀಳುವ ಕೆರೆಯಾದರೆ ಏಪ್ರಿಲಿನಲ್ಲೂ ಕೈ ಇಟ್ಟರೆ ತಣ್ಣಗೆ. ಗುಡ್ಡೆಯ ಒಳಕ್ಕೆ ಅಡ್ಡಕ್ಕೆ ಕೊರೆದ ಈ ಸುರಂಗಗಳನ್ನು ಮಕ್ಕಳಿಗೆ ತೋರಿಸಿ. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ಹರಿದು ಬರುವುದು ನೋಡಿ ನನ್ನ ಮಗಳು "ಇದರ ಸ್ವಿಚ್ ಎಲ್ಲಿ" ಎಂದು ಕೇಳಿದ್ದಳು. ಆದರೆ ಸುರಂಗದ ಒಳಗೆ ಕಳಿಸಬೇಡಿ. ಕೆರೆಗೂ ಇಳಿಸಬೇಡಿ. ಮೆಟ್ಟಿಲು ಮುಗಿದಲ್ಲಿಂದ ನೇರ ಆಳ, ನಿಲ್ಲಲು ಜಾಗವೇ ಇಲ್ಲ, ಹಿಡಿಯಲು ಪಾಚಿ ಕಟ್ಟಿದ ಕಲ್ಲು. ಅದು ಕುಡಿಯುವ, ತೋಟಕ್ಕೆ ಬಿಡುವ ನೀರು. ಹಾಗೇ ಇರಲಿ.

ಪಯಸ್ವಿನಿ, ಶಿರಿಯ ಹೊಳೆಗಳ ಬದಿಯಲ್ಲಿ ಮನೆಯಿರುವವರು ಇನ್ನೂ ಜಾಗ್ರತೆ. ಮೇಲೆ ನೋಡಿದರೆ ಮೊಣಕಾಲು ನೀರು. ನಾಲ್ಕು ಹೆಜ್ಜೆ ಆಚೆಗೆ ಕಯ, ಅಂದರೆ ಆಳದ ಮಡು. ಮರಳು ತೆಗೆದ ಕಡೆ ಗುಂಡಿ ಎಲ್ಲಿದೆಯೆಂದು ಊರವರಿಗೇ ಗೊತ್ತಾಗುವುದಿಲ್ಲ, ಏಕೆಂದರೆ ಪ್ರತಿ ಮಳೆಗಾಲಕ್ಕೂ ಅದು ಜಾಗ ಬದಲಿಸುತ್ತದೆ. ಕಳೆದ ವರ್ಷ ಇಳಿದ ಜಾಗ ಎಂಬ ಧೈರ್ಯ ಬೇಡ.

ಉಳಿದದ್ದು ಕಟ್ಟ. ನನ್ನ ಆಯ್ಕೆ ಇದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆ ನಿಂತು ತೋಡಿನ ನೀರು ಇಳಿಯುತ್ತಾ ಬಂದ ಹಾಗೆ, ಡಿಸೆಂಬರ್ ಜನವರಿಯಲ್ಲಿ, ಕಲ್ಲು ಮಣ್ಣು ಹಾಕಿ, ಅಡಿಕೆ ಮರ ಅಡ್ಡ ಇಟ್ಟು ತೋಡಿಗೆ ತಡೆ ಕಟ್ಟುತ್ತಾರೆ. ಈಗ ಮಣ್ಣಿನ ಬದಲು ಪ್ಲಾಸ್ಟಿಕ್ ಶೀಟು, ಮರಳಿನ ಚೀಲವೂ ಬಂದಿದೆ. ಹಿಂದೆ ನೀರು ನಿಂತು ತೋಟಕ್ಕೆ ಸಿಗುತ್ತದೆ, ಸುತ್ತಲಿನ ಬಾವಿಗಳ ನೀರೂ ಏರುತ್ತದೆ. ಮಳೆ ಬರುವಾಗ ಬಿಚ್ಚುತ್ತಾರೆ ಇಲ್ಲವೇ ತೋಡೇ ಕೊಚ್ಚಿಕೊಂಡು ಹೋಗುತ್ತದೆ. ಏತಡ್ಕದಲ್ಲಿ ಒಂದರ ಹಿಂದೆ ಒಂದರಂತೆ ಕಟ್ಟ ಕಟ್ಟುವ ರೂಢಿ ಇವತ್ತಿಗೂ ಹೆಸರುವಾಸಿ.

ಕಟ್ಟದ ನೀರಿನ ಗುಣವೇನೆಂದರೆ ಅದು ಮೆಲ್ಲಗೆ ಆಳವಾಗುತ್ತದೆ. ಮೇಲಿನ ತುದಿಯಲ್ಲಿ ಪಾದ ಮುಳುಗುವಷ್ಟು, ನಡುವಲ್ಲಿ ಸೊಂಟ, ಕಟ್ಟದ ಹತ್ತಿರ ಎದೆಮಟ್ಟ. ಸಣ್ಣವರು ಮೇಲೆ, ದೊಡ್ಡವರು ಕೆಳಗೆ. ಅಡಿಕೆ ಮರಗಳ ನೆರಳು ಬೇರೆ. ಮೊದಲ ದಿನ ನೀವೇ ಒಂದು ಕೋಲು ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಆಮೇಲೆ ಮಕ್ಕಳನ್ನು ಬಿಡಿ.

ಈಜು ಕಲಿಸಲು ಅಂಗಡಿಯ ಟ್ಯೂಬು ತರಬೇಡಿ, ಮುಳ್ಳು ತಾಗಿದರೆ ಅಲ್ಲಿಗೇ ಮುಗಿಯಿತು. ನಮ್ಮ ಅಜ್ಜನ ಉಪಾಯವೇ ಗಟ್ಟಿ. ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಎರಡು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕಿದರೆ ಬೇಡ, ಕೊಬ್ಬರಿಗೆ ತಿರುಗಿದ ಕಾಯಿಯೇ ಬೇಕು, ಅದು ಹೆಚ್ಚು ತೇಲುತ್ತದೆ. ಒಂದೊಂದರ ಸಿಪ್ಪೆಯಿಂದ ಒಂದು ಎಳೆ ಅರ್ಧ ಬಿಡಿಸಿ, ಎರಡು ಎಳೆಯನ್ನೂ ಸೇರಿಸಿ ಗಂಟು ಹಾಕಿ, ಅದರ ಮೇಲೆ ತೆಂಗಿನ ಹಗ್ಗ ಸುತ್ತಿ. ನಡುವೆ ಒಂದು ಗೇಣು ಬಿಡಬೇಕು. ಹಗ್ಗ ಎದೆಯ ಕೆಳಗೆ, ಕಾಯಿ ಒಂದೊಂದು ಕಂಕುಳ ಬದಿಗೆ. ಮೂರನೇ ದಿನಕ್ಕೆ ಮಗು ಕಾಲು ಬಡಿಯಲು ಕಲಿಯುತ್ತದೆ. ದೊಡ್ಡವರೊಬ್ಬರು ಪಕ್ಕದಲ್ಲಿ ನೀರಿನಲ್ಲೇ ನಿಂತಿರಬೇಕು. ದಡದಲ್ಲಿ ಕುಳಿತು ಫೋನ್ ನೋಡುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಟ್ಟಕ್ಕೂ ಒಂದು ಷರತ್ತಿದೆ. ನೀರು ಕಟ್ಟದ ಮೇಲಿಂದಲೋ ಬದಿಯಿಂದಲೋ ಹರಿದು ಹೋಗುತ್ತಿರಬೇಕು. ಹರಿವು ನಿಂತು, ನೀರು ಹಸಿರಾಗಿ, ಬೆಚ್ಚಗಾಗಿದ್ದರೆ ಇಳಿಯಬೇಡಿ. ಕೇರಳದಲ್ಲಿ 2024, 2025ರಲ್ಲಿ ಅಮೀಬಿಕ್ ಮಿದುಳುಜ್ವರದ ಸುದ್ದಿ ಎಲ್ಲರೂ ಕೇಳಿದ್ದೇವೆ ಅಲ್ವಾ? ಮಿದುಳು ತಿನ್ನುವ ಅಮೀಬಾ ಎಂದು ಪೇಪರಿನವರು ಬರೆಯುವುದು ಇರುವುದು ಬೆಚ್ಚಗಿನ ಸಿಹಿನೀರಿನಲ್ಲಿ. ಕುಡಿದರೆ ಕಾಯಿಲೆ ಬರುವುದಿಲ್ಲ. ಮೂಗಿನ ಮೂಲಕ ನೀರು ಮೇಲೆ ಹೋದರೆ ಮಿದುಳಿಗೆ ತಲುಪುತ್ತದೆ. ಬರುವುದು ತೀರಾ ಅಪರೂಪ, ಬಂದರೆ ಜೀವಕ್ಕೇ ಅಪಾಯ. ಹಾಗಾಗಿ ಹರಿಯುವ ನೀರಾದರೂ ಮೇಲಿಂದ ಧುಮುಕುವುದು, ತಳದ ಕೆಸರು ಕಲಕುವುದು ಬೇಡ. ಮೂಗಿಗೆ ಹಾಕುವ ಕ್ಲಿಪ್ ಮಕ್ಕಳಿಗೆ ತನ್ನಿ. ಈಜಿದ ಮೇಲಿನ ದಿನಗಳಲ್ಲಿ ಜ್ವರ, ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ತೋಡಿಗೆ ಇಳಿದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಬಾವಿಗೂ ಒಂದು ಕೆಲಸ ಇದೆ. ಮನೆ ಮುಚ್ಚಿದ್ದರೆ ಬಾವಿಯೂ ಮುಚ್ಚಿದ ಹಾಗೆಯೇ. ಸಾವಿರ ಲೀಟರಿಗೆ ಎರಡೂವರೆ ಗ್ರಾಮ್ ಬ್ಲೀಚಿಂಗ್ ಪೌಡರ್ ಎನ್ನುವುದು ಮಾಮೂಲಿ ಲೆಕ್ಕ. ಬಾವಿ 3 ಮೀಟರ್ ಅಗಲ, ನೀರು 2 ಮೀಟರ್ ಇದೆಯೆಂದುಕೊಳ್ಳಿ. ಸುಮಾರು 14,000 ಲೀಟರ್ ಆಯಿತು, 35 ಗ್ರಾಮ್ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಬಾವಿಗೆ ಬಿಡಿ. ಕೊಡಪಾನವನ್ನು ನಾಲ್ಕು ಸಲ ಇಳಿಸಿ ಏರಿಸಿದರೆ ನೀರು ಬೆರೆಯುತ್ತದೆ. ಒಂದು ಗಂಟೆ ಕಳೆದು ಬಳಸಬಹುದು. ಕುಡಿಯಲು ಕುದಿಸಿದ ನೀರೇ ಇರಲಿ.

ವಿಷುವಿಗೋ, ಪತ್ತನಾಜೆಗೋ?

ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಹೋದರೆ ದೇವರೆದುರು ಇಟ್ಟ ಕಣಿ ನೋಡಬಹುದು, ತೋಡಿನಲ್ಲಿ ನೀರು ಚೆನ್ನಾಗಿರುತ್ತದೆ, ರಾತ್ರಿ ಎಲ್ಲಾದರೊಂದು ಕಡೆ ಯಕ್ಷಗಾನ ಆಟವೋ ದೈವದ ಕೋಲವೋ ಇದ್ದೇ ಇರುತ್ತದೆ. ಆದರೆ ಹಲಸು ಪೂರ್ತಿ ಹಣ್ಣಾಗಿರುವುದಿಲ್ಲ, ರೈಲಿನಲ್ಲಿ ಸೀಟೂ ಸಿಗುವುದಿಲ್ಲ.

ಮೇ ಮೂರನೇ ವಾರಕ್ಕೆ ಹೋದರೆ ಹಣ್ಣಿನ ರಾಶಿ. ಹಲಸು, ಕಾಡುಮಾವು, ಪುನರ್ಪುಳಿ. ಒಂದೆರಡು ಮಳೆ ಬಿದ್ದಿದ್ದರೆ ರಾತ್ರಿ ತೋಟದಲ್ಲಿ ಮಿಂಚುಹುಳಗಳು ಒಂದು ಮರದಿಂದ ಇನ್ನೊಂದಕ್ಕೆ ಅಲೆ ಅಲೆಯಾಗಿ ಮಿನುಗುವುದನ್ನು ನೋಡಬೇಕು. ಹಾಗೆಂದು ನೀರಿನ ಕಥೆ ಅಷ್ಟರಲ್ಲಿ ಮುಗಿದಿರುತ್ತದೆ. ಕಟ್ಟ ಒಣಗಿರುತ್ತದೆ ಇಲ್ಲವೇ ಕೊಳೆತಿರುತ್ತದೆ. ಸಂಜೆಗೆ ಗುಡುಗು ಸಿಡಿಲು. ತೋಟಗಳಿಗೆ ಬೋರ್ಡೋ ಔಷಧಿ ಸಿಂಪಡಿಸುವವರು ಬರುವ ಹೊತ್ತೂ ಅದೇ. ಮೇ 24, 25ರ ಹೊತ್ತಿಗೆ ಪತ್ತನಾಜೆ, ಅಲ್ಲಿಗೆ ಆಟ, ನೇಮ ಎಲ್ಲ ಬಂದ್. ಈಜು ಬೇಡ, ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ ಬೇಕು ಎನ್ನುವವರಿಗೆ ಇದು ಸರಿ.

ನಾವು ಈಗ ಏಪ್ರಿಲ್ ಕೊನೆಯ ವಾರ ಎಂದು ನಿಲ್ಲಿಸಿದ್ದೇವೆ. ನೀರೂ ಸ್ವಲ್ಪ, ಹಲಸೂ ಸ್ವಲ್ಪ. ತೋಡು ಬೇಗ ಬತ್ತುವ ಕಡೆಯವರು ವಿಷುವಿಗೇ ಹೋಗುವುದು ಒಳ್ಳೆಯದು. ಟಿಕೆಟ್ ಮಾಡುವ ಮುಂಚೆ ನೆರೆಮನೆಗೆ ಒಂದು ಫೋನ್ ಮಾಡಿ: "ಮಾವ, ಕಟ್ಟದಲ್ಲಿ ನೀರು ಹರಿತಾ ಉಂಟಾ?" ಆ ಮಾವನಿಗೆ ಜನವರಿಯಲ್ಲಿ ಕಟ್ಟದ ಖರ್ಚಿನಲ್ಲಿ ನಿಮ್ಮ ಪಾಲನ್ನೂ ಕಳಿಸಿರಬೇಕು. ಕಟ್ಟ ಕಟ್ಟುವಾಗ ಇಲ್ಲದವರು ಈಜುವಾಗ ಮಾತ್ರ ಬಂದರೆ ಯಾರಿಗೆ ಖುಷಿಯಾಗುತ್ತದೆ?

ಎಲ್ಲರೂ ಒಟ್ಟಿಗೋ, ಸರದಿಯ ಮೇಲೋ?

ಸರದಿ ಎಂದರೆ ಒಂದೊಂದು ಮನೆಯವರಿಗೆ ಒಂದೊಂದು ವಾರ. ಜಗಳ ಕಡಿಮೆ, ಒಂದೇ ಬಾತ್‌ರೂಮು ಸಾಕು, ಮನೆಯೂ ತಿಂಗಳಿಡೀ ತೆರೆದಿರುತ್ತದೆ. ಆದರೆ ಮೊದಲು ಹೋದವರಿಗೆ ಜೇಡರ ಬಲೆ, ಕೊನೆಗೆ ಹೋದವರಿಗೆ ಬತ್ತಿದ ತೋಡು. ಮಕ್ಕಳಿಗೆ ಜೊತೆಯೂ ಇಲ್ಲ.

ಒಟ್ಟಿಗೆ ಹೋದರೆ ಹದಿನಾಲ್ಕು ಜನ. ಚಾವಡಿಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗುವುದು, ರಾತ್ರಿ ಹನ್ನೊಂದರವರೆಗೆ ಪಟ್ಟಾಂಗ. ಗಂಡಸರಿಗೂ ಮಕ್ಕಳಿಗೂ ಸ್ವರ್ಗ. ಅತ್ತಿಗೆಯರನ್ನು ಕೇಳಿದ್ದೀರಾ? ನಾನು ಮೊದಲ ಎರಡು ವರ್ಷ ಕೇಳಿರಲಿಲ್ಲ. ಮೂರನೇ ವರ್ಷ ಅತ್ತಿಗೆ, "ನಾವು ಬೇಕಲಕ್ಕೆ ಹೋಗ್ತೇವೆ, ನೀವು ಬೇಕಾದ್ರೆ ಬನ್ನಿ" ಎಂದಾಗ ಗೊತ್ತಾಯಿತು. ಬೆಳಿಗ್ಗೆ ಹದಿನಾಲ್ಕು ಜನಕ್ಕೆ ನೀರುದೋಸೆ ಹೊಯ್ದು ಮುಗಿಯುವಾಗ ಹತ್ತು ಗಂಟೆ. ಅಷ್ಟರಲ್ಲಿ ನಾವೆಲ್ಲ ತೋಡಿನಿಂದ ವಾಪಸ್ ಬಂದು "ಊಟಕ್ಕೇನು" ಎನ್ನುತ್ತಿದ್ದೆವು. ಅವರು ತೋಡಿನ ಮುಖವನ್ನೇ ನೋಡಿರಲಿಲ್ಲ.

ಈಗಿನ ವ್ಯವಸ್ಥೆ ಹೀಗೆ. ಐದು ದಿನಕ್ಕೆ ಮಧ್ಯಾಹ್ನದ ಅಡಿಗೆಗೆ ಊರಿನವರೊಬ್ಬರನ್ನು ಹೇಳುತ್ತೇವೆ. ಬೆಳಗಿನ ತಿಂಡಿ ಗಂಡಸರದ್ದು, ಅವಲಕ್ಕಿಯಾದರೆ ಅವಲಕ್ಕಿ. ರಾತ್ರಿ ಗಂಜಿ, ಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಪ್ಪಳ. ಒಂದು ದಿನ ಮಾತ್ರ ಎಲ್ಲರೂ ಸೇರಿ ಸೇಮಿಗೆ ಒತ್ತಿ ಮಾವಿನ ರಸಾಯನ ಮಾಡುವುದು, ಆ ಮಣೆ ತಿರುಗಿಸಲು ನಾಲ್ಕು ಜನ ಗಟ್ಟಿಮುಟ್ಟಾದವರು ಬೇಕೇ ಬೇಕು. ಬೆಳಿಗ್ಗೆ ಆರರಿಂದ ಏಳೂವರೆ ತೋಡು ಹೆಂಗಸರಿಗೆ. ಆಗ ಗಂಡಸರು ಯಾರೂ ಆ ಕಡೆ ಸುಳಿಯಬಾರದು. ಈ ಅಡಿಗೆಯವರ ಸಂಬಳ ಸೇರಿಸಿದರೂ ನಮ್ಮ ವಾರದ ಖರ್ಚು ಬೇಕಲದ ಎರಡು ರಾತ್ರಿಗಿಂತ ಕಡಿಮೆ ಬಂದಿದೆ. ಈ ಏರ್ಪಾಡು ನಿಮ್ಮ ಮನೆಯಲ್ಲಿ ನಡೆಯದು ಎಂದಾದರೆ ಹಳೆಮನೆಯ ಆಸೆ ಬಿಡಿ.

ಒಂದು ದಿನ ಸಂಜೆಗೆ ಹೊರಗೆ ಹೋಗುವುದಾದರೆ ಮಧೂರು. ಮಧುವಾಹಿನಿ ಬದಿಯಲ್ಲಿ ಗಣಪತಿ, ಅಪ್ಪ ಪ್ರಸಾದ. ಕುಂಬಳೆ ಕಡೆಯವರು ಅನಂತಪುರದ ಕೆರೆ ದೇವಸ್ಥಾನ ನೋಡಬಹುದು. ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಹೊಸದು ಕಾಣುತ್ತದೆಂದು ಮಕ್ಕಳಿಗೆ ಮಾತು ಮಾತ್ರ ಕೊಡಬೇಡಿ.

ಎರಡು ದಿನ ಮುಂಚೆ ಒಬ್ಬರು ಹೋಗಲೇಬೇಕು

ಇದು ನಾವು ಕಷ್ಟಪಟ್ಟು ಕಲಿತದ್ದು. ಒಂದು ವರ್ಷ ಎಲ್ಲರೂ ಒಂದೇ ದಿನ ಹೋಗಿ ಇಳಿದೆವು. ಸ್ವಿಚ್ ಹಾಕಿದರೆ ಪಂಪು ಓಡುತ್ತದೆ, ನೀರು ಬರುವುದಿಲ್ಲ. ಪೈಪಿನ ತಲೆಗೆ ನೀರು ಹೊಯ್ದು ಹೊಯ್ದು ಸಾಕಾಯಿತು, ಹೊಯ್ದದ್ದೆಲ್ಲ ಕೆಳಗೆ ಹೋಗುತ್ತಿತ್ತು. ಕೊನೆಗೆ ಬಾವಿಯೊಳಗೆ ಪೈಪಿನ ಬುಡದಲ್ಲಿರುವ ಫುಟ್‌ವಾಲ್ವ್ ಎತ್ತಿ ನೋಡಿದರೆ ಬಾಯಿಗೆ ಒಂದು ಹಲಸಿನ ಎಲೆ ಸಿಕ್ಕಿಕೊಂಡು ಮುಚ್ಚಳ ಕೂರುತ್ತಿರಲಿಲ್ಲ. ಅಷ್ಟರಲ್ಲಿ ರಾತ್ರಿ ಎಂಟು. ಹದಿನಾಲ್ಕು ಜನಕ್ಕೆ ಬಾವಿಯಿಂದ ಸೇದಿದ ನೀರಿನಲ್ಲಿ ಸ್ನಾನ. ನನ್ನ ಅಂಗೈಯಲ್ಲಿ ಮೂರು ದಿನ ಬೊಕ್ಕೆ.

ಈಗ ನಾನೋ ತಮ್ಮನೋ ಮೊದಲೇ ಹೋಗುತ್ತೇವೆ. ಪಂಪು, ಬಾವಿ, ಗ್ಯಾಸು, ಫ್ಯಾನು ನೋಡುವುದು. ಅಟ್ಟದಿಂದ ಚಾಪೆ ಇಳಿಸಿ ಬಿಸಿಲಿಗೆ ಹಾಕುವುದು, ಕೊಡವದೆ ಹಾಸಬಾರದು, ಚೇಳು ಇರುತ್ತದೆ. ಬಚ್ಚಲ ಒಲೆಯ ಹತ್ತಿರ, ಸೌದೆ ರಾಶಿಯ ಹತ್ತಿರ ಕೋಲು ತಟ್ಟಿ ನೋಡುವುದು. ತೋಡಿಗೆ ಇಳಿಯುವ ದಾರಿಯ ಹುಲ್ಲು ಕತ್ತರಿಸಿ, ಒಂದು ಟಾರ್ಚು ಬಾಗಿಲ ಹಿಂದೆ ನೇತುಹಾಕುವುದು.

ಹೊರಡುವ ದಿನದ ಕೆಲಸವೂ ಇವರಿಗೇ. ಮೇಲಿನ ಟ್ಯಾಂಕಿ ಖಾಲಿ ಮಾಡಿ, ಫುಟ್‌ವಾಲ್ವ್ ಎತ್ತಿ ತೊಳೆದು, ಪಂಪಿಗೆ ಪ್ಲಾಸ್ಟಿಕ್ ಸುತ್ತಿ, ಮೇನ್ ಸ್ವಿಚ್ ತೆಗೆದು, ಒಡೆದ ಹಂಚಿದ್ದರೆ ಮಳೆಗೆ ಮುಂಚೆ ಬದಲಿಸಬೇಕು. ಒಂದು ಕೀಲಿ ನೆರೆಮನೆಯ ಮಾವನ ಕೈಗೆ. ತೆಂಗಿನಕಾಯಿಯ ಜೋಡಿಯನ್ನು ನಾವು ಚಾವಡಿಯ ಗೋಡೆಯ ಮೊಳೆಗೆ ತೂಗುಹಾಕಿ ಬರುತ್ತೇವೆ.